ಸೋಮವಾರದ ಗಿರಾಕಿ

ನಮ್ಮತ್ತೆ ಪೇಟೆಗೆ ಹೋಗಿ ಬರಿಗೈಯಲ್ಲಿ ಮನೆಗೆ ಬಂದದ್ದು ಒಂದೇ ಒಂದು ದಿನ. ಅಂಥದೊಂದು ದಿನ ಬರಲಿ ಎಂದು ನಾನು ಏಳು ತಿಂಗಳು ಕಾದಿದ್ದೆ. ಬಂದರೆ ಅವತ್ತು ಕಾಲು ಚಾಚಿ ಕುಳಿತು ನೆಮ್ಮದಿಯಾಗಿ ಒಂದು ಲೋಟ ಕಾಫಿ ಕುಡಿಯಬೇಕು ಅಂದುಕೊಂಡಿದ್ದೆ. ಬಂತು. ಅತ್ತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎರಡೂ ಕೈ ಖಾಲಿಯಾಗಿ ಇಳಿಬಿಟ್ಟುಕೊಂಡು ಒಳಗೆ ಬಂದರು. ಕಾಫಿ ಮಾಡಿದ್ದೆ, ಕುಡಿಯಲಾಗಲಿಲ್ಲ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನೀವು ನನ್ನ ಪಕ್ಷ ವಹಿಸಿಬಿಡುತ್ತೀರಿ. ಅತ್ತೆ, ಮಾವ ಇಬ್ಬರೂ ಒಂದು ಸಣ್ಣ ಊರಿನಲ್ಲಿ ನಲವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವರು. ಅಳೆದು ಕತ್ತರಿಸುವುದು ಮಾವ. ಬಿಚ್ಚಿ ತೋರಿಸಿ, ಗಿರಾಕಿ ಹೋದ ಮೇಲೆ ಮತ್ತೆ ಮಡಿಸಿ ಇಡುವುದು ಅತ್ತೆ. ಮಾವ ತೀರಿಕೊಂಡ ಮೇಲೆ ಅಂಗಡಿಯನ್ನು ಬೇರೆಯವರಿಗೆ ಮಾರಿ, ಬಂದ ದುಡ್ಡು, ಒಂದು ತಗಡಿನ ಟ್ರಂಕು ಮತ್ತು ಬಟ್ಟೆ ಅಳೆಯುವ ಕಬ್ಬಿಣದ ಕೋಲು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಮ್ಮದು ನಾಲ್ಕನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಈ ನಗರದಲ್ಲಿ ಕಟ್ಟಡಗಳು ಆಕಾಶಕ್ಕೆ ಏಣಿ ಹಾಕಿಕೊಂಡು ನಿಂತಿರುವುದರಿಂದ ಅವರಿಗೆ ಕೆಲಸಕ್ಕೇನೂ ಬರವಿಲ್ಲ.

ನಗರವೋ ನಗರ. ಹಗಲು ಹೊತ್ತಿನಲ್ಲೂ ದೀಪ ಹಾಕಿಕೊಂಡಿರುವ ಅಂಗಡಿಗಳು, ತಾನೇ ತೆರೆದುಕೊಳ್ಳುವ ಬಾಗಿಲು, ತಾನೇ ಹತ್ತುವ ಮೆಟ್ಟಿಲು. ಒಳಗೆ ಹೋದರೆ ಸಾಕು, ಇಸ್ತ್ರಿ ಮಾಡಿದ ಅಂಗಿ ತೊಟ್ಟವರು ಬಂದು ತಲೆಬಾಗಿ, ‘ಏನು ತೋರಿಸಲಿ?’ ಎಂದು ಕೇಳುತ್ತಾರೆ. ನಾವೆಲ್ಲ, ‘ಸುಮ್ನೆ ನೋಡ್ತಿದೀವಿ’ ಅಂದು ಮುಂದೆ ಹೋಗುತ್ತೇವೆ. ಅತ್ತೆಗೆ ಆ ಮಾತು ಬಾಯಿಗೆ ಬರುವುದೇ ಇಲ್ಲ. ಅವರ ಲೆಕ್ಕದಲ್ಲಿ ಒಬ್ಬರ ಕೈಲಿ ಒಂದು ಮಡಿಕೆ ಬಿಚ್ಚಿಸಿದ ಮೇಲೆ ಬರಿಗೈಯಲ್ಲಿ ಎದ್ದು ಬರುವುದೆಂದರೆ ಬಡಿಸಿದ ಎಲೆ ಬಿಟ್ಟು ಎದ್ದ ಹಾಗೆ.

‘ನಲವತ್ತು ವರ್ಷ ಮಡಿಸಿದೀನಮ್ಮ,’ ಅನ್ನುತ್ತಿದ್ದರು. ‘ಮೂವತ್ತು ಬಿಚ್ಚಿಸಿ ಒಂದೂ ತಗೊಳ್ದೆ ಎದ್ದು ಹೋಗ್ತಿದ್ರಲ್ಲ, ಅವಾಗ ಬೆರಳಿಗಲ್ಲ ನೋವು, ಇಲ್ಲಿ,’ ಎಂದು ಎದೆ ಮುಟ್ಟಿ ತೋರಿಸುತ್ತಿದ್ದರು. ‘ಪಾಪ, ಅಂಗಡಿ ಹುಡುಗಿ ಮುಖ ನೋಡಿ ಬೇಡ ಅನ್ನೋದು ಹೇಗೆ?’

ಹೀಗೆ ಪಾಪ ಪಾಪ ಅನ್ನುತ್ತ ಮನೆ ತುಂಬಿತು. ಮೊದಲ ವಾರ ಒಂದು ಕೊಡೆ, ಆಮೇಲೆ ಅದಕ್ಕೆ ಹೊಂದುವ ಟೋಪಿ. ಮೀನು ಹಿಡಿಯುವ ಕೋಲು ಬಂತು. ಆ ಮಾರಾಟಗಾರ ದಾರ ಎಸೆದು ತೋರಿಸಿದನಂತೆ, ಕೊಕ್ಕೆ ಹೋಗಿ ಛಾವಣಿಯ ದೀಪಕ್ಕೆ ಸಿಕ್ಕಿಕೊಂಡು ಎಲ್ಲರೂ ನಕ್ಕರಂತೆ, ಅವನ ಮುಖ ಸಣ್ಣದಾಯಿತಂತೆ. ನಾಯಿಗೆ ತೊಡಿಸುವ ಮಳೆ ಅಂಗಿ ಬಂತು. ನಮ್ಮ ಮನೆಯಲ್ಲಿ ನಾಯಿ ಇಲ್ಲ. ‘ಇರ್ಲಿ ಬಿಡು, ಮುಂದೆ ಸಾಕಿದ್ರೆ,’ ಎಂದರು ಅತ್ತೆ. ನಾನು ಅದನ್ನು ಕಿತ್ತುಕೊಂಡು ಮಂಚದಡಿಗೆ ತುರುಕಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ.

ಡೇರೆ ಬಂದದ್ದು ಮೂರನೇ ತಿಂಗಳು. ಅದೊಂದು ಮಾಯೆಯ ಡೇರೆ. ಚೀಲದಿಂದ ತೆಗೆದು ಗಾಳಿಗೆ ಎಸೆದರೆ ಸಾಕು, ತಾನೇ ಬಿಚ್ಚಿಕೊಂಡು ನಿಲ್ಲುತ್ತದೆ. ಅತ್ತೆ ಮನೆಗೆ ತಂದವರೇ ನನ್ನ ಗಂಡನಿಗೆ ತೋರಿಸಲೆಂದು ನಡುಕೋಣೆಯಲ್ಲಿ ಎಸೆದರು. ನಿಂತಿತು. ಗೋಡೆಯಿಂದ ಗೋಡೆಗೆ ನಿಂತಿತು. ಅಡುಗೆಮನೆಗೆ ಹೋಗಬೇಕಾದರೆ ಅದರ ಒಂದು ಬಾಗಿಲಲ್ಲಿ ತೂರಿ ಇನ್ನೊಂದರಲ್ಲಿ ಹೊರಬೀಳಬೇಕು. ಸರಿ, ಮಡಿಸಿ ಎಂದೆ. ನಲವತ್ತು ವರ್ಷ ಮಡಿಸಿದ ಕೈ ಅದು. ಆರು ಗಜದ ಬಟ್ಟೆಯನ್ನು ಮಾತಾಡುತ್ತಲೇ ಅಂಗೈಯಗಲ ಮಾಡುವ ಕೈ. ಅತ್ತೆ ಆ ಕಡೆ ಒತ್ತಿದರೆ ಡೇರೆ ಈ ಕಡೆ ಏಳುತ್ತಿತ್ತು. ನನ್ನ ಗಂಡ ಮೇಲೆ ಮಲಗಿ ನೋಡಿದರು, ನಾನು ಕೂತು ನೋಡಿದೆ. ಕೊನೆಗೆ ಅತ್ತೆ ನೆಲದ ಮೇಲೆ ಕುಳಿತು, ‘ಇದಕ್ಕೆ ಮಡಿಕೆನೇ ಇಲ್ಲ ಕಣಮ್ಮ, ಇದನ್ನ ಮಾಡಿದೋನು ಬಟ್ಟೆಯೋನಲ್ಲ,’ ಎಂದು ಕೈಚೆಲ್ಲಿದರು. ಒಂಬತ್ತು ದಿನ ನನ್ನ ಗಂಡ ಆ ಡೇರೆಯೊಳಗೇ ಮಲಗಿದರು. ಅವರಿಗೇನು, ಚೆನ್ನಾಗಿದೆ ಅಂದರು.

ನನ್ನ ಕೆಲಸವನ್ನೂ ಹೇಳಬೇಕು. ಅತ್ತೆ ಬಂದ ಮರುತಿಂಗಳು ನನಗೆ ಈ ನಗರದ ದೊಡ್ಡ ಅಂಗಡಿಯೊಂದರಲ್ಲಿ ಕಿಟಕಿ ಜೋಡಿಸುವ ಕೆಲಸ ಸಿಕ್ಕಿತು. ಬೀದಿಗೆ ಮುಖ ಮಾಡಿದ ಆಳೆತ್ತರದ ಗಾಜಿನ ಕಿಟಕಿ; ಅದರೊಳಗೆ ಸಾಮಾನು ಹೇಗೆ ಇಡಬೇಕು ಎಂದರೆ ದಾರಿಯಲ್ಲಿ ಹೋಗುವವರು ತಮ್ಮ ಕೆಲಸ ಮರೆತು ಒಳಗೆ ಬರಬೇಕು. ಜೋಡಿಸುವಾಗ ಗಾಜಿಗೆ ಒಳಗಿನಿಂದ ಕಂದು ಕಾಗದ ಅಂಟಿಸಿರುತ್ತೇವೆ. ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾಗದ ಕಿತ್ತು ಹೊಸ ಕಿಟಕಿ ತೋರಿಸುವುದು. ಆಮೇಲೆ ನಾನು ನೆಲಮಾಳಿಗೆಯ ಕಾರ್ಖಾನೆಗೆ ಇಳಿದು ಮುಂದಿನ ವಾರದ ಹಲಗೆ ಕೊಯ್ಯುತ್ತ ಕೂರುತ್ತೇನೆ. ನಮ್ಮ ಮೇಲ್ವಿಚಾರಕಿಯ ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು ನೇತಾಡುತ್ತಿರುತ್ತದೆ, ಅದಕ್ಕೆ ಎಲ್ಲರೂ ಅವರನ್ನು ಹಿಂದಿನಿಂದ ಟೇಪಮ್ಮ ಅನ್ನುವುದು. ಹೊಸಬರನ್ನು ಆರು ತಿಂಗಳು ನೋಡಿ, ಸರಿಯಿದ್ದರೆ ಕಾಯಂ ಮಾಡುತ್ತಿದ್ದರು.

ನನ್ನ ಕಿಟಕಿಗೆ ಒಂದು ಕೈಗುಣ ಇತ್ತು. ಕಾಗದ ತೆಗೆದ ಅರ್ಧ ಗಂಟೆಯೊಳಗೆ ಕಿಟಕಿಯಲ್ಲಿರುವ ಯಾವುದಾದರೂ ಒಂದು ಸಾಮಾನು ಮಾರಾಟವಾಗಿಬಿಡುತ್ತಿತ್ತು. ಒಂದು ವಾರ ಅಲ್ಲ, ಪ್ರತಿ ವಾರ. ‘ನಿನ್ನ ಕಿಟಕಿಗೆ ಕಣ್ಣಿದೆ,’ ಎಂದಿದ್ದರು ಟೇಪಮ್ಮ. ಆರು ತಿಂಗಳು ತುಂಬುವ ಮೊದಲೇ ನನ್ನನ್ನು ಕಾಯಂ ಮಾಡಿದರು. ನಾನು ಮನೆಗೆ ಬಂದು ಊಟಕ್ಕೆ ಕುಳಿತು ಜಂಬ ಕೊಚ್ಚಿದ್ದೇ ಕೊಚ್ಚಿದ್ದು. ‘ಕೈಗವಸು ಇಟ್ಟಿದ್ದೆ ರೀ, ಇಪ್ಪತ್ತು ನಿಮಿಷ ಆಗಿಲ್ಲ, ಹೋಯ್ತು.’ ಅತ್ತೆ ತಟ್ಟೆ ನೋಡಿಕೊಂಡು, ‘ನಿನ್ನ ಕೈ ಚೆನ್ನಾಗಿದೆಯಮ್ಮ, ಹೋಗ್ದೆ ಇರುತ್ತಾ?’ ಅನ್ನುತ್ತಿದ್ದರು. ಅವರು ಪ್ರತಿ ಸೋಮವಾರ ಬೀದಿಯಲ್ಲಿ ನಿಂತು ನನ್ನ ಕಿಟಕಿ ನೋಡಿ ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು. ಗಾಜಿನಾಚೆ ಕೈಬೀಸುತ್ತಿದ್ದರು, ನಾನೂ ಬೀಸುತ್ತಿದ್ದೆ.

ಇನ್ನು ಕುರ್ಚಿಯ ಕಥೆ. ಅದು ಆಗದಿದ್ದರೆ ಯಾವುದೂ ಆಗುತ್ತಿರಲಿಲ್ಲ. ಒಂದು ಅಂಗಡಿಯಲ್ಲಿ ಬೆನ್ನು ಒತ್ತುವ ಕುರ್ಚಿ ಇಟ್ಟಿದ್ದರು. ಗುಂಡಿ ಒತ್ತಿದರೆ ಹೆಗಲಿನಿಂದ ಹಿಮ್ಮಡಿಯವರೆಗೆ ತಾನೇ ಹಿಸುಕುತ್ತದೆ. ಮೀಸೆಯ ಮಾರಾಟಗಾರ ಅತ್ತೆಯನ್ನು ಅದರಲ್ಲಿ ಕೂರಿಸಿದ. ಅತ್ತೆ ನಿದ್ದೆ ಹೋದರು. ಒಂದು ಗಂಟೆ. ಎಚ್ಚರವಾದಾಗ ಅವರ ಮೇಲೆ ಒಂದು ಶಾಲು ಹೊದಿಸಿತ್ತಂತೆ, ಆ ಮನುಷ್ಯ ಉಳಿದ ಗಿರಾಕಿಗಳಿಗೆ ಬಾಯಿ ಮೇಲೆ ಬೆರಳಿಟ್ಟು ಮೆಲ್ಲಗೆ ಮಾತಾಡಲು ಹೇಳುತ್ತಿದ್ದನಂತೆ. ‘ನೀನೇ ಹೇಳು,’ ಎಂದರು ಅತ್ತೆ ನನಗೆ, ‘ಅಷ್ಟು ಮಾಡಿದೋನಿಗೆ ಬೆನ್ನು ತೋರಿಸಿ ಬರೋದಾ?’

ಕುರ್ಚಿ ಬುಧವಾರ ಸಂಜೆ ಬಂತು, ನಾನು ಆಗಷ್ಟೇ ಕೆಲಸದಿಂದ ಬಂದಿದ್ದೆ. ಹೊತ್ತು ತಂದವರು ಅದನ್ನು ನಮ್ಮ ಕಟ್ಟಡದ ಲಿಫ್ಟಿಗೆ ತುರುಕಿದರು. ಒಳಗೆ ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಆಗಲೇ ಇದ್ದರು. ಎರಡಕ್ಕೂ ಮೂರಕ್ಕೂ ನಡುವೆ ಲಿಫ್ಟು ನಿಂತುಹೋಯಿತು. ಕಟ್ಟಡದವರೆಲ್ಲ ಮೆಟ್ಟಿಲ ಮೇಲೆ ಸೇರಿದರು. ಲಿಫ್ಟ್ ಮೆಕ್ಯಾನಿಕ್ಕಿಗೆ ಫೋನು ಹೋಯಿತು. ಬಂದವರು ನನ್ನ ಗಂಡ. ಊರಿನ ಲಿಫ್ಟುಗಳನ್ನೆಲ್ಲ ಬಿಡಿಸುವವರು ತಮ್ಮ ತಾಯಿಯ ಕುರ್ಚಿಯನ್ನು ಬಿಡಿಸಲು ಎರಡು ಗಂಟೆ ಒದ್ದಾಡಿದರು. ಅಷ್ಟು ಹೊತ್ತೂ ಆ ಡಾಕ್ಟರು ನಿಲ್ಲಲು ಜಾಗವಿಲ್ಲದೆ ಆ ಕುರ್ಚಿಯಲ್ಲೇ ಒರಗಿ ಕುಳಿತಿದ್ದರು. ಬಾಗಿಲು ತೆರೆದಾಗ ಬೆವೆತು ಬಿಳಿಚಿಕೊಂಡಿದ್ದರು. ‘ಅವರ ಹತ್ರ ಹೋದೋರೆಲ್ಲ ಹೀಗೇ ಕೂತಿರ್ತಾರೆ, ಈಗ ಗೊತ್ತಾಗಿರ್ಬೇಕು,’ ಎಂದು ಯಾರೋ ಅಂದರು. ಎಲ್ಲರೂ ನಕ್ಕರು, ಡಾಕ್ಟರು ನಗಲಿಲ್ಲ, ನಾನೂ ನಗಲಿಲ್ಲ. ಕಟ್ಟಡದ ಕಾರ್ಯದರ್ಶಿ ಬಂದು ನಮ್ಮ ಓಣಿಯಂಥ ಮೊಗಸಾಲೆ, ಅದರಲ್ಲಿ ಗೋಡೆಗೆ ಒರಗಿಸಿದ ಡಬ್ಬಗಳು, ಮೀನಿನ ಕೋಲು ಎಲ್ಲವನ್ನೂ ನೋಡಿ, ‘ಇದು ಮನೆಯೋ ಗೋದಾಮೋ?’ ಎಂದು ಕೇಳಿ ಹೋದರು.

ಬಾಗಿಲು ಹಾಕಿಕೊಂಡ ಮೇಲೆ ನನ್ನ ಕೋಪ ನೆತ್ತಿಗೇರಿತು. ಏನೇನು ಅಂದೆನೋ. ಬೇಡ ಅನ್ನೋಕೆ ಬರದಿದ್ದರೆ ಹೊಸ್ತಿಲು ದಾಟಬೇಡಿ ಅಂದೆ. ಸಾಲದು ಎಂಬಂತೆ, ‘ಮಾವ ನಲವತ್ತು ವರ್ಷ ನಿಮ್ಮನ್ನ ಹೇಗೆ ಸಹಿಸ್ಕೊಂಡ್ರೋ,’ ಅಂದೆ. ನನ್ನ ಗಂಡ ಕೈಯಲ್ಲಿದ್ದ ಸ್ಪ್ಯಾನರನ್ನು ನೋಡುತ್ತ ನಿಂತರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಅದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾದರೂ ನಿಲ್ಲಿಸಲಿಲ್ಲ, ಅವರೆದುರಿಗೇ ಭಾವನಿಗೆ ಫೋನು ಮಾಡಿದೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಊರಾಚೆ, ಕಾಂಪೌಂಡು ಹಾಕಿದ ಬಡಾವಣೆಯಲ್ಲಿ ದೊಡ್ಡ ಮನೆ. ಸುತ್ತ ಹುಲ್ಲು, ಗೋಡೆ, ಕಾವಲುಗಾರ. ಒಂದು ಸೂಜಿ ಬೇಕಾದರೂ ಕಾರು ಹತ್ತಬೇಕು. ‘ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ, ಇಲ್ಲಿ ಅಮ್ಮ ತಗೊಳ್ಳೋಕೆ ಗಾಳಿ ಬಿಟ್ರೆ ಏನೂ ಇಲ್ಲ,’ ಎಂದು ಭಾವ ನಕ್ಕರು. ಅಲ್ಲಿ ಹಗಲೆಲ್ಲ ಮಾತಾಡಲು ಜನವೂ ಇಲ್ಲ ಎನ್ನುವುದು ನಮ್ಮೆಲ್ಲರಿಗೂ ಗೊತ್ತಿತ್ತು. ಫೋನು ಇಟ್ಟೆ. ಅತ್ತೆ, ‘ಆಯ್ತಮ್ಮ,’ ಎಂದು ಹೇಳಿ ಒಳಗೆ ಹೋದರು. ಅಷ್ಟೇ.

ಅದಾಗಿ ಎರಡು ದಿನಕ್ಕೆ ಬಂದದ್ದೇ ಆ ಬರಿಗೈಯ ಶುಕ್ರವಾರ.

ಶನಿವಾರ ನಾನು ನೆಲಮಾಳಿಗೆಯಲ್ಲಿ ಹಲಗೆಗೆ ಬಣ್ಣ ಬಳಿಯುತ್ತಿದ್ದಾಗ ಕೈಗವಸಿನ ಕೌಂಟರಿನವಳು ಇಳಿದು ಬಂದಳು. ಬಾಯಿಬಡುಕಿ, ಆದರೆ ಒಳ್ಳೆಯವಳು.

‘ನಿಮ್ಮತ್ತೆ ಊರು ಬಿಡ್ತಾರಂತೆ?’ ಎಂದಳು. ‘ನಿನ್ನೆ ಬಂದು ಎಲ್ರಿಗೂ ಹೇಳಿ ಹೋದ್ರು. ನಮ್ ಮೇಜಿನ ಮೇಲೆ ಬಿಚ್ಚಿ ಬಿಸಾಕಿದ್ದ ಶಾಲು, ಸ್ವೆಟರು ಎಲ್ಲಾ ಕೂತು ಮಡಿಸಿ ಕೊಟ್ರು ಗೊತ್ತಾ? ಎರಡು ಗಂಟೆ. ಏನೂ ತಗೊಳ್ತಿಲ್ಲ ಕಣಮ್ಮ, ಅದಕ್ಕೆ ಇಷ್ಟಾದ್ರೂ ಮಾಡ್ತೀನಿ ಅಂದ್ರು. ನಾವೆಲ್ಲ ಅತ್ತುಬಿಟ್ವಿ.’

ನಾನು ಕುಂಚ ಕೆಳಗಿಟ್ಟೆ.

‘ಇನ್ನು ನಿಮ್ ಕಿಟಕಿಗೆ ಸೋಮವಾರದ ಗಿರಾಕಿ ಯಾರು?’ ಎಂದವಳೇ ಬಾಯಿ ಮುಚ್ಚಿಕೊಂಡಳು.

‘ಯಾವ ಗಿರಾಕಿ?’

ಅವಳು ಮೆಟ್ಟಿಲ ಕಡೆ ನೋಡಿದಳು. ‘ಹೇಳ್ಬಾರ್ದು ಅಂತ ಮಾತು ತಗೊಂಡಿದಾರೆ.’

‘ಹೇಳದೆ ನೀನು ಮೇಲೆ ಹೋಗಲ್ಲ,’ ಎಂದೆ ನಾನು. ಅವಳು ಹೇಳಿದಳು. ಪ್ರತಿ ಸೋಮವಾರ ನಾನು ಕೆಳಗಿಳಿದ ಐದು ನಿಮಿಷಕ್ಕೆ ನಮ್ಮತ್ತೆ ಒಳಗೆ ಬರುತ್ತಿದ್ದರು. ಕಿಟಕಿಯಲ್ಲಿರುವುದರಲ್ಲಿ ಒಂದನ್ನು ತೋರಿಸಿ, ಅದೇ ಬೇಕು ಎಂದು ಕೊಂಡು, ಬೇರೆ ಚೀಲದೊಳಗೆ ಮುಚ್ಚಿಟ್ಟುಕೊಂಡು ಹೋಗುತ್ತಿದ್ದರು. ಕಿಟಕಿಗೆ ಕಣ್ಣಿದೆ ಎಂದಿದ್ದರಲ್ಲ ಟೇಪಮ್ಮ, ಆ ಕಣ್ಣು ನಮ್ಮತ್ತೆಯದು. ನಾನು ಕಾಯಂ ಆದದ್ದು ಯಾರ ಕೈಗುಣದಿಂದ ಎಂದು ತಿಳಿದು ಕೂತಲ್ಲೇ ಕೂತೆ. ನನ್ನ ಜಂಬ ಅಷ್ಟೂ ಕಾಲಕೆಳಗೆ ಸೋರಿಹೋಯಿತು.

ಅರ್ಧ ದಿನ ರಜೆ ಹೇಳಿ ಮನೆಗೆ ಓಡಿದೆ. ಅತ್ತೆ ಮಂಚದ ಮೇಲೆ ಕುಳಿತು ತಮ್ಮ ಬಟ್ಟೆ ಮಡಿಸುತ್ತಿದ್ದರು.

‘ಅತ್ತೆ, ಟ್ರಂಕು ತೆಗೀರಿ,’ ಎಂದೆ.

‘ಯಾಕಮ್ಮ? ನನ್ನ ಹಳೇ ಬಟ್ಟೆ ಇದೆ ಅಷ್ಟೆ.’

‘ತೆಗೀರಿ.’

ಅವರು ನನ್ನ ಮುಖ ನೋಡಿ ಕೀಲಿ ಕೊಟ್ಟರು. ಮೇಲೊಂದು ಹೊದಿಕೆ, ಅದರಡಿ ನನ್ನ ಆರು ತಿಂಗಳು ಮಲಗಿತ್ತು. ಮೊದಲ ವಾರ ತೂಗುಹಾಕಿದ್ದ ನೀಲಿ ಸ್ಕಾರ್ಫು. ಹಕ್ಕಿಯ ಗೂಡಿನಲ್ಲಿಟ್ಟಿದ್ದ ಹಸಿರು ಕೆಟಲು. ಬೂದು ಕೈಗವಸು. ಬಾಚಣಿಗೆ. ದೊಡ್ಡ ದೀಪದ ಕಂಬ ನಿಲ್ಲಿಸಿದ್ದ ವಾರ ಅತ್ತೆ ಅದರ ಬಲ್ಬನ್ನಷ್ಟೇ ಕೊಂಡಿದ್ದರು. ಸೋಫಾ ಇಟ್ಟ ವಾರ ಅದರ ದಿಂಬಿನ ಗವಸು. ಒಂದೂ ಬಳಸಿರಲಿಲ್ಲ. ಎಲ್ಲವೂ ಮಡಿಕೆ ಕೆಡದ ಹಾಗೆ, ನಾನು ಕಿಟಕಿಯಲ್ಲಿಟ್ಟ ಕ್ರಮದಲ್ಲೇ ಇದ್ದವು. ಎಲ್ಲಕ್ಕೂ ಅಡಿಯಲ್ಲಿ ಒಂದು ಹಳೆಯ ಹಳದಿ ಬಟ್ಟೆ ಇತ್ತು, ಬಣ್ಣ ಮಾಸಿ ಬೆಳಗಿನ ಬಿಸಿಲಿನಷ್ಟು ತೆಳುವಾಗಿತ್ತು.

‘ಇದನ್ನ ನಾನು ಇಟ್ಟಿಲ್ವಲ್ಲ,’ ಎಂದೆ.

‘ಅದು ನಾನು ಇಟ್ಟಿದ್ದು,’ ಎಂದರು ಅತ್ತೆ.

ಆಮೇಲೆ ಹೇಳಿದರು. ಅವರ ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿರುತ್ತಿದ್ದರು. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಒಂದು ಬಟ್ಟೆಯನ್ನು ಅದರ ಮೇಲೆ ಇಳಿಬಿಡಬೇಕು. ಹಗ್ಗದ ಬಟ್ಟೆ ಮೊದಲು ಹೋಗಬೇಕು, ಹೋದರೆ ಆ ದಿನದ ವ್ಯಾಪಾರ ಚೆನ್ನ. ಹೋಗದಿದ್ದರೆ ಆರಿಸಿ ಹಾಕಿದವರ ಕೈ ಸರಿಯಿಲ್ಲ ಎಂದು ಲೆಕ್ಕ. ಮದುವೆಯಾದ ಹೊಸತರಲ್ಲಿ ಅತ್ತೆಯನ್ನು ಮೊದಲ ಸಲ ಹಗ್ಗಕ್ಕೆ ಬಟ್ಟೆ ಹಾಕಲು ಹೇಳಿದರು. ಅವರಿಗೆ ಆ ಹಳದಿ ಕಣ್ಣಿಗೆ ಬಿತ್ತು, ಹಾಕಿದರು. ಒಂದು ದಿನ ಹೋಗಲಿಲ್ಲ, ಎರಡು ದಿನ ಹೋಗಲಿಲ್ಲ. ಅತ್ತೆಯ ಅತ್ತೆ ಬಂದವರೆದುರೆಲ್ಲ ಆಡಿಕೊಂಡರು.

‘ಐದನೇ ದಿನ ಯಾರೋ ಪರವೂರಿನವನು ಬಂದು ಚೌಕಾಸಿನೂ ಮಾಡದೆ ತಗೊಂಡು ಹೋದ. ನನಗೆ ಹೋದ ಜೀವ ಬಂತು,’ ಎಂದರು ಅತ್ತೆ. ‘ಎಷ್ಟೋ ವರ್ಷ ಆದ್ಮೇಲೆ ನಿಮ್ಮಾವನ ಪೆಟ್ಟಿಗೆಲಿ ಬೇರೇನೋ ಹುಡುಕ್ತಿದ್ದೆ. ಇದು ಸಿಕ್ತು. ಕೇಳಿದ್ರೆ ನಗ್ತಾರೆ. ಸ್ನೇಹಿತನ್ನ ಕಳಿಸಿ ತಾವೇ ಕೊಂಡ್ಕೊಂಡಿದ್ರು. ಯಾಕೆ ಹೇಳ್ಲಿಲ್ಲ ಅಂದ್ರೆ, ಹೇಳಿದ್ರೆ ನೀನು ಮತ್ತೆ ಹಗ್ಗಕ್ಕೆ ಕೈ ಹಾಕ್ತಿರ್ಲಿಲ್ಲ ಅಂದ್ರು.’

ಅವರು ನೀಲಿ ಸ್ಕಾರ್ಫನ್ನು ಮತ್ತೆ ಮಡಿಸತೊಡಗಿದರು. ‘ನೀನು ಮೊದಲ ದಿನ ಕೆಲಸಕ್ಕೆ ಹೋಗುವಾಗ ನಿನ್ನ ಕೈ ತಣ್ಣಗಿತ್ತು. ನೀನು ಹಾಕಿದ್ದು ಹೋಗ್ದೆ ಇದ್ರೆ ಅಲ್ಲೂ ಬೈತಾರೇನೋ ಅಂತ ಭಯ ಆಯ್ತು. ಅದಕ್ಕೇ. ಬೇರೆ ಸಾಮಾನೆಲ್ಲ ನನ್ನ ಹುಚ್ಚು, ಒಪ್ಕೊಳ್ತೀನಿ. ಇದು ಹುಚ್ಚಲ್ಲ.’

ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಮಾವ ಅವರನ್ನು ಹೇಗೆ ಸಹಿಸಿಕೊಂಡರು ಎಂದು ಕೇಳಿದ್ದೆನಲ್ಲ, ನಲವತ್ತು ವರ್ಷದ ಹಿಂದಿನ ಉತ್ತರ ಆ ಟ್ರಂಕಿನ ತಳದಲ್ಲಿತ್ತು. ‘ನನ್ನ ನಾಲಿಗೆ ಸುಟ್ಟುಹೋಗ್ಲಿ ಅತ್ತೆ,’ ಎಂದೆ. ‘ನಾಲಿಗೆ ಸುಟ್ರೆ ನಿನ್ನ ಗಂಡನ್ನ ಎಬ್ಬಿಸೋರು ಯಾರು?’ ಎಂದು ಅವರು ನನ್ನ ತಲೆ ಸವರಿದರು.

ಭಾನುವಾರ ಭಾವ ಬಂದರು. ಅತ್ತೆ ಎಲ್ಲಿಗೂ ಬರುವುದಿಲ್ಲ ಎಂದು ನಾನು ಬಾಗಿಲಲ್ಲೇ ಹೇಳಿದೆ.

‘ಫೋನು ಮಾಡಿದ್ದು ನೀನೇ ಅಲ್ವಾ?’

‘ನಾನೇ. ಈಗ ಹೇಳ್ತಿರೋದೂ ನಾನೇ.’

ಆದರೆ ಅತ್ತೆ ಒಪ್ಪಲಿಲ್ಲ. ಕೈಯಲ್ಲಿ ಚೀಲ ಹಿಡಿದು ಹೊರಟೇ ನಿಂತಿದ್ದರು. ‘ಬೇಡಮ್ಮ. ಇಲ್ಲಿದ್ರೆ ಸೋಮವಾರ ಸುಮ್ನಿರೋಕೆ ನನ್ನ ಕೈಲಾಗಲ್ಲ. ನಿನ್ನ ಕಿಟಕಿಲಿರೋದು ಹೋಗುತ್ತೋ ಇಲ್ವೋ ಅಂತ ಜೀವ ಹೊಡ್ಕೊಳ್ಳುತ್ತೆ, ಹೋಗಿ ತಗೊಂಡುಬಿಡ್ತೀನಿ. ಅದು ಈಗ ನಿನಗೆ ಗೊತ್ತಾಗಿದೆ. ಇನ್ಮೇಲೆ ಏನು ಹೋದ್ರೂ, ಇದು ನನ್ನ ಕೈಗೆ ಹೋಯ್ತೋ ಅತ್ತೆ ಕೈಯಿಂದ ಹೋಯ್ತೋ ಅಂತ ನಿನಗೆ ಅನುಮಾನ. ಅಂಥ ಅನುಮಾನ ಇಟ್ಕೊಂಡು ಯಾರೂ ಹಗ್ಗಕ್ಕೆ ಬಟ್ಟೆ ಹಾಕೋಕಾಗಲ್ಲ. ದೂರ ಇರ್ತೀನಿ, ನೀನು ಚೆನ್ನಾಗಿರು.’

‘ಹಾಗಾದ್ರೆ ನಾಳೆ ಒಂದು ಕಿಟಕಿ ನೋಡಿ ಹೋಗಿ,’ ಎಂದೆ. ‘ಬೀದಿಯಲ್ಲಿ ನಿಂತು ನೋಡಿ, ಒಳಗೆ ಕಾಲಿಡಬೇಡಿ. ಹನ್ನೊಂದು ಗಂಟೆಯೊಳಗೆ ಒಬ್ಬರಾದ್ರೂ ಬಂದು ಕೇಳಿದ್ರೆ ನೀವು ಇಲ್ಲೇ ಇರ್ತೀರಿ. ಯಾರೂ ಬರದಿದ್ರೆ ಭಾವನ ಜೊತೆ ಹೋಗಿ, ನಾನು ತಡೆಯಲ್ಲ.’

ಅತ್ತೆ ಯೋಚಿಸಿ ತಲೆಯಾಡಿಸಿದರು. ಒಂದು ರಾತ್ರಿ ಎಲ್ಲಿ ಮಲಗಲಿ ಎಂದು ಭಾವ ಗೊಣಗಿದರು. ನನ್ನ ಗಂಡ ಅವರನ್ನು ಆ ಬೆನ್ನು ಒತ್ತುವ ಕುರ್ಚಿಯಲ್ಲಿ ಕೂರಿಸಿ ಗುಂಡಿ ಒತ್ತಿದರು. ಅರ್ಧ ವಾಕ್ಯದಲ್ಲಿ ಭಾವನ ಗೊಣಗಾಟ ನಿಂತಿತು, ಗೊರಕೆ ಶುರುವಾಯಿತು.

ಸೋಮವಾರ ನಾನು ಬೆಳಿಗ್ಗೆ ಆರಕ್ಕೇ ಹೋದೆ. ಜೋಡಿಸಿ ಮುಗಿಸಿ, ಟೇಪಮ್ಮ ಬಂದ ಕೂಡಲೇ ಎಲ್ಲವನ್ನೂ ಹೇಳಿಬಿಟ್ಟೆ: ಇಷ್ಟು ದಿನ ಅರ್ಧ ಗಂಟೆಯೊಳಗೆ ಕೊಂಡವರು ನಮ್ಮತ್ತೆ, ನನ್ನ ಕಿಟಕಿಗೆ ಕಣ್ಣೂ ಇಲ್ಲ ಮೂಗೂ ಇಲ್ಲ. ಅವರು ಟೇಪನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡರು. ‘ಬೆಳಿಗ್ಗೆ ಒಂದು ನಿಮ್ಮತ್ತೆ ತಗೊಂಡ್ರು. ದಿನ ಪೂರ್ತಿ ಹೋದದ್ದನ್ನ ಯಾರು ತಗೊಂಡ್ರು?’ ಎಂದರು. ‘ಇರ್ಲಿ, ಕಾಗದ ತೆಗಿ, ನೋಡೋಣ.’

ಹತ್ತಕ್ಕೆ ಕಾಗದ ಕಿತ್ತೆ. ಬೀದಿಯಾಚೆ ಅತ್ತೆ, ಭಾವ, ನನ್ನ ಗಂಡ ಸಾಲಾಗಿ ನಿಂತಿದ್ದರು. ಟ್ರಂಕು ಭಾವನ ಕಾರಿನಲ್ಲಿತ್ತು. ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ಶಾಲೆಯಲ್ಲಿ ಮೇಷ್ಟ್ರು ಹೇಳಿದ ಹಾಗೆ.

ನಾನು ಕಿಟಕಿಯಲ್ಲಿ ಹೆಚ್ಚೇನೂ ಇಟ್ಟಿರಲಿಲ್ಲ. ಈ ತುದಿಯಿಂದ ಆ ತುದಿಗೆ ಒಂದು ಹಗ್ಗ ಕಟ್ಟಿದ್ದೆ. ಹಗ್ಗದ ಮೇಲೆ ಆ ಹಳದಿ ಬಟ್ಟೆ. ಹಿಂದಿನ ದಿನವೇ ಅತ್ತೆಗೆ ಕಾಣದ ಹಾಗೆ ಟ್ರಂಕಿನಿಂದ ತೆಗೆದುಕೊಂಡಿದ್ದೆ. ಹಿಂದಿನಿಂದ ಒಂದೇ ಒಂದು ದೀಪ. ಕೆಳಗೆ ಆ ಕಬ್ಬಿಣದ ಅಳತೆ ಕೋಲು, ಅದಕ್ಕೆ ಒರಗಿಸಿ ಈ ವಾರ ಮಾರಬೇಕಾಗಿದ್ದ ಬಿಳಿ ಕೈಗವಸು, ಅಷ್ಟೆ. ಗಾಜಿನಾಚೆ ಅತ್ತೆಯ ಮುಖ ನೋಡಿದೆ. ಅವರು ಬಟ್ಟೆಯನ್ನು ಕಂಡರು. ಬೆನ್ನ ಹಿಂದಿನ ಕೈಗಳು ಬಿಚ್ಚಿ ಮುಂದೆ ಬಂದವು. ನನ್ನ ಗಂಡ ಮೆಲ್ಲಗೆ ಹಿಡಿದು ಮತ್ತೆ ಹಿಂದಕ್ಕೆ ಕಟ್ಟಿದರು.

ಹತ್ತೂಕಾಲಾಯಿತು. ಜನ ಹೋದರು, ಬಂದರು. ಹತ್ತೂವರೆ. ಒಬ್ಬಳು ನಿಂತಳು. ಗಾಜಿನಲ್ಲಿ ತನ್ನ ಕೂದಲು ಸರಿಮಾಡಿಕೊಂಡು ಹೋದಳು. ಭಾವ ಗಡಿಯಾರ ನೋಡಿಕೊಂಡರು. ನಾನು ಅವತ್ತು ನೆಲಮಾಳಿಗೆಗೆ ಇಳಿಯಲಿಲ್ಲ, ಕಂಬದ ಮರೆಯಲ್ಲಿ ಉಗುರು ಕಚ್ಚುತ್ತ ನಿಂತಿದ್ದೆ. ಮಾವ ಐದು ದಿನ ಇದನ್ನು ಹೇಗೆ ನೋಡಿದರು ಅನ್ನಿಸಿತು.

ಹತ್ತು ನಲವತ್ತಕ್ಕೆ ಉದ್ದ ಕೋಟಿನ ಮುದುಕಿಯೊಬ್ಬರು ಒಳಗೆ ಬಂದು ಕೈಗವಸಿನ ಕೌಂಟರಿನಲ್ಲಿ, ‘ಆ ಹಳದಿ ಬಟ್ಟೆ ಎಷ್ಟು?’ ಎಂದು ಕೇಳಿದರು. ಕೌಂಟರಿನವಳು ನನ್ನ ಕಡೆ ಕಣ್ಣರಳಿಸಿ ನೋಡಿದಳು. ಅವರು ಇನ್ನೂ ನಿಂತಿರುವಾಗಲೇ ಒಂದು ಜೋಡಿ ಬಂದು ಅದನ್ನೇ ಕೇಳಿತು. ಅದು ಇಲ್ಲದಿದ್ದರೆ ಹೋಗಲಿ ಎಂದು ಕೈಗವಸು ತೆಗೆದುಕೊಂಡಿತು. ಮೂರನೆಯವರು ಬಂದಾಗ ಟೇಪಮ್ಮ ನನ್ನ ತೋಳು ಹಿಡಿದು, ‘ಆ ಬಟ್ಟೆ ಇನ್ನೆಷ್ಟು ಗಜ ತರಿಸಬಹುದು?’ ಎಂದರು. ನಾನು ತಾನೇ ತೆರೆದುಕೊಳ್ಳುವ ಬಾಗಿಲನ್ನು ಅದು ತೆರೆಯುವ ಮೊದಲೇ ಗುದ್ದಿಕೊಂಡು ಬೀದಿಗೆ ಓಡಿದೆ.

‘ಅತ್ತೆ, ನಿಮ್ಮ ಬಟ್ಟೆನ ಮೂರು ಜನ ಕೇಳಿದ್ರು. ಮೂರು ಜನ. ನಿಮ್ಮ ಕೈ ಮೊದಲ ದಿನಾನೂ ಸರಿಯಾಗೇ ಇತ್ತು. ಕೊಡ್ಲಾ?’

ಅತ್ತೆ ಬೀದಿಯಾಚೆಯಿಂದ ಆ ಹಗ್ಗವನ್ನೇ ನೋಡುತ್ತಿದ್ದರು. ಗಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

‘ಕೊಡೋ ಹಾಗಿಲ್ಲಮ್ಮ,’ ಎಂದರು. ‘ಅದು ಆಗ್ಲೇ ಮಾರಾಟ ಆಗಿದೆ ಅಂತ ಹೇಳು.’

ಹೋಗಿ ಹಾಗೇ ಹೇಳಿದೆ. ಹೇಳಿ ಹೊರಗೆ ಬರುವಷ್ಟರಲ್ಲಿ ಅತ್ತೆ ಭಾವನ ಕಾರಿನ ಹಿಂಬಾಗಿಲು ತೆಗೆಸಿ, ತಮ್ಮ ಟ್ರಂಕನ್ನು ಇಳಿಸಿಕೊಳ್ಳುತ್ತಿದ್ದರು.